ಮೆಹರಮ್ಮನ ತೊಟ್ಟಿಯ ಹಸಿರು ಕಾಳು

ಹೊಲಸು ನೀರು ತನ್ನನ್ನು ತಾನೇ ತೊಳೆದುಕೊಂಡು, ಹೋಗುವಾಗ ನಮ್ಮ ಒಲೆಗೆ ಒಂದಿಷ್ಟು ಉರಿಯನ್ನೂ ಕೊಟ್ಟು ಹೋಗುವಂತಿದ್ದರೆ? ಪ್ರಫುಲ್ಲಾ ನಮ್ಮ ಬೀದಿಗೆ ಬಂದ ದಿನ ಕೇಳಿದ ಮೊದಲ ಮಾತು ಇದು. ನೂಲು ಬಿಚ್ಚುವ ಶೆಡ್ಡಿನ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನೂ ನಕ್ಕೆ. ಈಗಿನ ಮಕ್ಕಳು ಗುಂಡಿ ತಿರುಗಿಸಿ ನೀಲಿ ಉರಿ ಹಚ್ಚುವಾಗ ಅದು ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಕೇಳದಿದ್ದರೂ ಹೇಳಿಟ್ಟರೆ ಒಳ್ಳೆಯದು ಅನ್ನಿಸಿದೆ.

ನಮ್ಮದು ಅರಳಾಪುರದ ಗೂಡಿನ ಬೀದಿ. ಸುತ್ತಲಿನ ಹಳ್ಳಿಯವರು ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳ ಸಾಕಿ, ಗೂಡು ತಂದು ಮಾರುತ್ತಾರೆ. ನಾವು ಆ ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಎಳೆ ಹಿಡಿದು, ನೂಲು ಬಿಚ್ಚುತ್ತೇವೆ. ಮದುವೆಯಾಗಿ ಬಂದ ಮಾರನೆಯ ವಾರದಿಂದ ನನ್ನ ಕೈ ಆ ನೀರಿನಲ್ಲೇ ಇದೆ. ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿಲ್ಲ. ಗೂಡಿನ ಅಂಟು ಬಿಟ್ಟು, ಒಳಗಿನ ಹುಳ ಬೆಂದು, ಮಧ್ಯಾಹ್ನದ ಹೊತ್ತಿಗೆ ನೀರು ಚಹಾದ ಬಣ್ಣಕ್ಕೆ ಬರುತ್ತದೆ. ಮೋರಿಗೆ ಬಿಟ್ಟು ಸ್ವಲ್ಪ ಹೊತ್ತಾದರೆ ಅದರ ನಾತವನ್ನು ಹೇಳುವಂತಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಟ್ಟದೆ ಎದ್ದುಹೋದದ್ದು ನಮ್ಮ ಬೀದಿಯಲ್ಲಿ ಹೊಸತಲ್ಲ.

ಆ ಮೋರಿ ಇಳಿದು ಹೋಗುವುದು ತಗ್ಗಿಹಳ್ಳಿಯ ಕೆರೆಗೆ. ಯಾರ ನೀರನ್ನು ಅವರೇ ತೊಳೆದು ಬಿಡಬೇಕು ಎಂಬ ಕಾನೂನು ಆಗಷ್ಟೇ ಬಂದಿತ್ತು. ಕಾನೂನು ಬಂದ ವರ್ಷವೇ ತಗ್ಗಿಹಳ್ಳಿಯವರು ಊರ ಗಡಿಯಲ್ಲಿ ಮೋರಿಗೆ ಅಡ್ಡ ಮಣ್ಣು ಹಾಕಿದರು. ನೀರು ಹಿಂದಕ್ಕೆ ನಿಂತು ನಮ್ಮ ಹೊಸ್ತಿಲು ಮುಟ್ಟಿತು. ಅವರ ಕಡೆಯ ಯಜಮಾನರು ಕೆಂಚೇಗೌಡರು. ಅವರೂ ಹುಳ ಸಾಕುವವರೇ, ನಮಗೇ ಗೂಡು ಮಾರುವವರು. ಬೇಡಿಕೊಂಡ ಮೇಲೆ ಮಣ್ಣು ತೆಗೆಸಿದರು. ದೀಪಾವಳಿಯವರೆಗೆ ನೋಡುತ್ತೇವೆ, ಅಷ್ಟರಲ್ಲಿ ನೀರು ತಿಳಿಯಾಗದಿದ್ದರೆ ಈ ಸಲ ಹಾಕುವುದು ಮಣ್ಣಲ್ಲ, ಕಲ್ಲುಗೋಡೆ ಎಂದರು. ಮೋರಿ ಮುಚ್ಚಿದರೆ ಬೀದಿ ಮುಚ್ಚಿದಂತೆ.

ಪ್ರಫುಲ್ಲಾ ಬಂದದ್ದು ಆಗ. ಬಾಗಲಕೋಟೆ ಕಡೆಯ ಹುಡುಗಿ, ನಗರದ ಪ್ರಯೋಗಾಲಯದಲ್ಲಿ ವಿಜ್ಞಾನಿ. ಅವಳ ತೊಟ್ಟಿಗೆ ಜಾಗ ಬೇಕಿತ್ತು. ಉಳಿದ ಶೆಡ್ಡುಗಳವರು ನೋಡೋಣ, ಹೇಳುತ್ತೇವೆ ಎಂದು ಜಾರಿಕೊಂಡರು. ನಾನು ಕೆಲಸ ಮಾಡುತ್ತಿದ್ದ ಶೆಡ್ಡಿನ ಒಡತಿ ಮೆಹರುನ್ನೀಸಾ ಮಾತ್ರ ತನ್ನ ಹಿತ್ತಲು ಕೊಟ್ಟಳು. ಬೀದಿಗೆಲ್ಲ ಅವಳು ಮೆಹರಮ್ಮ. ಅತ್ತೆಯಿಂದ ಬಂದ ಶೆಡ್ಡು, ಗಂಡ ಹೋದ ಮೇಲೂ ಒಂದು ದಿನ ಒಲೆ ಆರಗೊಡದೆ ನಡೆಸಿದವಳು. ಯಾಕೆ ಕೊಟ್ಟೆ ಎಂದು ನಾನು ಕೇಳಿದ್ದಕ್ಕೆ, ಇಷ್ಟು ವರ್ಷ ಹಿತ್ತಲಲ್ಲಿ ಸೌದೆ ಬಿಟ್ಟು ಇನ್ನೇನು ಬೆಳೆದಿದ್ದೀನಿ ಎಂದಳು.

ತೊಟ್ಟಿ ಅಂಥ ದೊಡ್ಡದೇನಲ್ಲ. ನೆಲದೊಳಗೆ ಇಳಿದ ಹಳ್ಳ, ಮೇಲೆ ಬಿಗಿಯಾದ ಗಾಜಿನ ಮಾಡು, ಪಕ್ಕದಲ್ಲಿ ಆಳಿನ ಕೈ ಹೋಗುವಷ್ಟು ಒಂದು ಕಿಂಡಿ. ಗಾಜಿನ ಕೆಳಗೆ ನಮ್ಮದೇ ಕೊಳಕು ನೀರು, ಆ ನೀರಿನ ತುಂಬ ಸಾಸಿವೆಗಿಂತ ಒಂಚೂರು ದಪ್ಪನೆಯ ಹಸಿರು ಕಾಳು. ಕಾಳು ಮೇಲೇಳುತ್ತಿತ್ತು, ಮುಳುಗುತ್ತಿತ್ತು, ಮತ್ತೆ ಏಳುತ್ತಿತ್ತು. ನಾವು ರೇಷ್ಮೆಯ ಮೊಟ್ಟೆ ನೋಡಿದವರು. ಕಂಡ ಕೂಡಲೇ ಅದರ ಮೇಲೆ ಒಂದು ಅಕ್ಕರೆ ಹುಟ್ಟಿತು.

ಗೂಡು ಒಣಗಿಸುತ್ತಿದ್ದ ಹಳೆಯ ಕೋಣೆಯನ್ನೇ ಪ್ರಫುಲ್ಲಾ ತನ್ನ ಕೆಲಸದ ಜಾಗ ಮಾಡಿಕೊಂಡಿದ್ದಳು. ಗೋಡೆಯ ಮೇಲೆ ಒಂದು ಪರದೆ, ಅದರಲ್ಲಿ ತೊಟ್ಟಿಯ ಬಿಸಿ, ಹುಳಿ, ಅವಳು ಕ್ಷಾರ ಎನ್ನುವ ಖಾರ ಎಲ್ಲ ಗೆರೆ ಗೆರೆಯಾಗಿ ಓಡುತ್ತಿತ್ತು. ಮೇಜಿನ ಮೇಲೆ ಸೂಕ್ಷ್ಮದರ್ಶಕ. ಒಂದು ದಿನ ಕಾಳೊಂದನ್ನು ಬ್ಲೇಡಿನಿಂದ ಸೀಳಿ, ಅದರ ಕೆಳಗಿಟ್ಟು ನಮ್ಮನ್ನು ಕರೆದಳು. ನನ್ನ ಕಣ್ಣಿಗೆ ಮೊದಲು ಮಬ್ಬು ಕಂಡಿತು. ಅವಳು ತಿರುಪು ತಿರುಗಿಸಿದಳು. ಆಮೇಲೆ ಕಂಡದ್ದನ್ನು ಈಗಲೂ ಕಣ್ಣು ಮುಚ್ಚಿದರೆ ನೋಡಬಲ್ಲೆ: ಹೊರಗೆ ಎಲೆಹಸಿರಿನ ಸುತ್ತು, ಅದರೊಳಗೆ ಹಾಲಿನ ಕೆನೆಯಂಥ ಸುತ್ತು, ನಟ್ಟನಡುವೆ ಕಪ್ಪು.

“ಇದು ಒಂದು ಮನಿ ಇದ್ದಂಗ್ರಿ ಅಮ್ಮಾರ,” ಎಂದಳು ಪ್ರಫುಲ್ಲಾ. “ಹೊರಗಿನ ಪಡಸಾಲ್ಯಾಗ ಪಾಚಿ ಐತಿ, ಬಿಸಲು ಉಂಡು ಗಾಳಿ ಬಿಡತೈತಿ. ಒಳಗಿನ ಕತ್ತಲ ಖೋಲ್ಯಾಗ ಇರೋ ಜೀವಕ್ಕ ಆ ಗಾಳಿ ಅಂದ್ರ ವಿಷ. ನಡುವ ಇರೋರು ಆ ಗಾಳಿ ಒಳಗ ಹೋಗದಂಗ ತಾವ ಉಂಡು ಮುಗಸ್ತಾರ.”

“ಅಂದ್ರೆ ಸೊಸೆ, ಅತ್ತೆ, ನಡುವೆ ಸಿಕ್ಕಾಕ್ಕೊಂಡ ಮಗ ಅನ್ನು,” ಎಂದಳು ಮೆಹರಮ್ಮ. ಪ್ರಫುಲ್ಲಾ ನಕ್ಕು ನಕ್ಕು ಕುರ್ಚಿಯಲ್ಲಿ ಕೂತಳು. ತನಗೆ ಊರೂರಿನ ಸಭೆಗಳಲ್ಲಿ ಇಷ್ಟು ಚೆಂದ ಹೇಳಲಾಗಿಲ್ಲ ಎಂದಳು.

ಉಳಿದದ್ದನ್ನು ನಾನು ತಿಳಿದುಕೊಂಡದ್ದು ಹೀಗೆ. ಕತ್ತಲ ಕೋಣೆಯ ಜೀವಗಳು ನೀರಿನ ಕೊಳಕನ್ನು ತಿಂದು ಉರಿಯುವ ಅನಿಲ ಬಿಡುತ್ತವೆ. ಬರೀ ಅವುಗಳನ್ನೇ ಸಾಕಿದರೆ ಆ ಅನಿಲದ ಜೊತೆ ಉರಿಯದ ಗಾಳಿಯೂ ಅಷ್ಟೇ ಬರುತ್ತದೆ. ಅದು ಗೋಲಿಸೋಡಾದಲ್ಲಿ ಇರುವಂಥ ಗಾಳಿ. ನಮ್ಮ ನೀರಿನಲ್ಲಿ ಹುಳದ ಸಾರ ಜಾಸ್ತಿ, ಹಾಗಾಗಿ ಕಣ್ಣು ಉರಿಸುವ ಅಮೋನಿಯವೂ ಸೇರಿಕೊಂಡು ಕೊನೆಗೆ ಆ ಜೀವಗಳನ್ನೇ ಕೊಲ್ಲುತ್ತದೆ. ಪಾಚಿಗೆ ಇವೆರಡೂ ಊಟ. ಒಳಗಿನವರ ಎಂಜಲು ಹೊರಗಿನವರಿಗೆ ಅನ್ನ. ಸತ್ತ ಪಾಚಿ ಮತ್ತೆ ಒಳಗಿನವರ ಪಾಲು. ಯಾರೂ ಯಾರಿಗೂ ದಾನ ಮಾಡುತ್ತಿಲ್ಲ, ಆದರೂ ಎಲ್ಲರ ಹೊಟ್ಟೆ ತುಂಬುತ್ತಿದೆ. ಇದನ್ನು ಯೋಚಿಸಿದ ಹುಡುಗಿಯ ತಲೆಯನ್ನು ನಾನು ಎಷ್ಟು ಸಲ ಮೆಚ್ಚಿಕೊಂಡಿದ್ದೇನೋ. ಮುದ್ದೆಯನ್ನು ಮಾತ್ರ ಅವಳು ನುಂಗಲು ಕಲಿಯಲಿಲ್ಲ. ನಮ್ಮ ಮನೆಯಲ್ಲಿ ಕೂತು ರೊಟ್ಟಿಯಂತೆ ಅಗಿಯುತ್ತಿದ್ದಳು, ನನ್ನ ಸೊಸೆ ಮುಖ ತಿರುಗಿಸಿಕೊಂಡು ನಗುತ್ತಿದ್ದಳು.

ಮಳೆಗಾಲ ಶುರುವಾಗುವ ಮೊದಲೇ ತೊಟ್ಟಿಯಿಂದ ಮೆಹರಮ್ಮನ ಅಡುಗೆಮನೆಗೆ ಕೊಳವೆ ಬಂತು. ಮೊದಲ ಉರಿಗೆ ಚಹಾ ಕಾಯಿಸಿದರು. ಮೋರಿಯ ಬೆಂಕಿಯ ಚಹಾ ಎಂದು ಯಾರೂ ಲೋಟ ಮುಟ್ಟಲಿಲ್ಲ. ಮೆಹರಮ್ಮ ಒಂದು ಗುಟುಕು ಕುಡಿದು, ಸಕ್ಕರೆ ಕಮ್ಮಿ ಆಯಿತು ಎಂದಳು, ಅಷ್ಟೇ. ಆಮೇಲೆ ಎಲ್ಲರೂ ಕುಡಿದೆವು. ಕೆಲವೇ ದಿನಕ್ಕೆ ಗೂಡು ಬೇಯಿಸುವ ಒಲೆಯೂ ಅದೇ ಉರಿಗೆ ಬಂತು. ಸೌದೆಯ ಹೊಗೆಯಿಲ್ಲದ ಶೆಡ್ಡಿನಲ್ಲಿ ನಾನು ಎದುರುಗಡೆಯವಳ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ತೊಟ್ಟಿಯಿಂದ ಹೊರಬೀಳುವ ನೀರು ಚಹಾದ ಬಣ್ಣದಿಂದ ಕಡಲೆಹಿಟ್ಟು ಕದಡಿದಂತಾಯಿತು, ಆಮೇಲೆ ಅಕ್ಕಿ ತೊಳೆದ ನೀರಿನಂತಾಯಿತು. ಉಳಿದ ಶೆಡ್ಡುಗಳವರೂ ತಮ್ಮ ನೀರಿಗೆ ಕಾಲುವೆ ತೋಡಿ ಮೆಹರಮ್ಮನ ಹಿತ್ತಲಿಗೆ ತಿರುಗಿಸಲು ಶುರುಮಾಡಿದರು.

ಶ್ರಾವಣದಲ್ಲಿ ಪ್ರಫುಲ್ಲಾ ಕೆಲಸದ ಮೇಲೆ ನಗರಕ್ಕೆ ಹೋದಳು. ಅವಳು ಹೋದ ಮಾರನೆಯ ಬೆಳಿಗ್ಗೆ ಮೆಹರಮ್ಮ ನನ್ನನ್ನು ತೊಟ್ಟಿಯ ಹತ್ತಿರ ಕರೆದಳು. ಕಾಳುಗಳು ಏಳುತ್ತಿರಲಿಲ್ಲ, ಮುಳುಗುತ್ತಿರಲಿಲ್ಲ. ನೀರಿನ ಮೇಲೆ ಅಲ್ಲಾಡದೆ ಕೂತಿದ್ದವು. ಹಸಿರು ಹೋಗಿ ಮೈ ಬಿಳಿಚಿತ್ತು. ಕಿಂಡಿಯಿಂದ ಒಂದನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿದೆವು. ಸಿಪ್ಪೆ ಸಡಿಲಾಗಿ, ಮುಟ್ಟಿದರೆ ಜಾರುತ್ತಿತ್ತು.

“ಜ್ವರಕ್ಕೆ ಕೂತವೆ ಕಣಕ್ಕ,” ಎಂದಳು ಮೆಹರಮ್ಮ.

ಹುಳ ಸಾಕದವರಿಗೆ ಇದನ್ನು ಬಿಡಿಸಿ ಹೇಳಬೇಕು. ರೇಷ್ಮೆಹುಳ ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿಸಲವೂ ಬಿಳಿಚಿಕೊಂಡು, ಚರ್ಮ ಸಡಿಲಾಗಿ, ಒಂದು ದಿನ ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಹಾಸಿಗೆಯ ತೇವ ಎಳೆಯಲೆಂದು ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಬೇಕು. ಇದು ನಮ್ಮ ಕಡೆ ಹಾಲು ಬಿಟ್ಟ ಮಗುವಿಗೂ ಗೊತ್ತು. ಮೆಹರಮ್ಮನ ತವರಿನಲ್ಲಿ ಹುಳ ಸಾಕಿಯೇ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದರು. ಗೊತ್ತಿರುವ ಜ್ವರಕ್ಕೆ ನಗರಕ್ಕೆ ಫೋನು ಮಾಡಿ ಆ ಹುಡುಗಿಯ ಕೆಲಸ ಕೆಡಿಸುವುದೇಕೆ ಎಂದಳು. ಬೀದಿಯಲ್ಲಿ ಬೇರೆ ಮಾತಾಡಿದವರಿಲ್ಲ. ತೊಟ್ಟಿಗೆ ನೀರು ಬಿಡುವುದನ್ನು ನಿಲ್ಲಿಸಿದಳು. ಗಾಜಿನ ಮೇಲೆ ಗೋಣಿಚೀಲ ಹಾಸಿ ನೆರಳು ಮಾಡಿದಳು. ಕಿಂಡಿಯಿಂದ ಜರಡಿ ಆಡಿಸಿ, ನೀರಿನ ಮೇಲೆಲ್ಲ ಬೆಳ್ಳಗಾಗುವಂತೆ ಸುಣ್ಣ ಉದುರಿಸಿದಳು. ಮಕ್ಕಳಿಗೆ ಆ ಕಡೆ ಗಲಾಟೆ ಮಾಡಬೇಡಿ ಎಂದು ಹೇಳಿದಳು. ಬಾಣಂತಿಯ ಕೋಣೆಯನ್ನು ಕಾಯುವಂತೆ ಕಾದಳು.

ಮಾರನೆಯ ದಿನ ಒಲೆಯ ಉರಿ ಹಳದಿಯಾಗಿ, ಕುಳ್ಳಾಗಿ, ಆರಿತು. ಹಿತ್ತಲಿಗೆ ಹೋದವರ ಕಣ್ಣಲ್ಲಿ ನೀರು ಸುರಿಯುವಂಥ ಘಾಟು. ಗೋಣಿ ಎತ್ತಿದರೆ ಕಾಳು ಒಡೆದು ಬೂದಿಯಂತೆ ಚದುರಿತ್ತು. ರಾತ್ರಿ ಕಾಲುವೆಯಿಂದ ನುಗ್ಗಿದ ಮಳೆನೀರಿಗೆ ತೊಟ್ಟಿ ತುಂಬಿ, ಹೊರಗೆ ಹೋದ ಸುಣ್ಣದ ನೀರು ಮೋರಿಯುದ್ದಕ್ಕೂ ಬೆಳ್ಳಗೆ ಹರಿದು ತಗ್ಗಿಹಳ್ಳಿಯ ಗಡಿ ಮುಟ್ಟಿತು. ಸಂಜೆಯೊಳಗೆ ಅವರು ಮತ್ತೆ ಅಡ್ಡ ಮಣ್ಣು ಹಾಕಿದರು.

ಪರದೆಯ ಗೆರೆ ಬಿದ್ದದ್ದನ್ನು ನಗರದಲ್ಲೇ ಫೋನಿನಲ್ಲಿ ಕಂಡು ಪ್ರಫುಲ್ಲಾ ಓಡಿಬಂದಳು. ಕಿಂಡಿಯಿಂದ ನೀರು ಎತ್ತಿ ಮೂಸಿ ನೋಡಿದಳು. ಮೆಹರಮ್ಮ ತಾನು ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಆಮೇಲೆ ಪ್ರಫುಲ್ಲಾ ಬಿಡಿಸಿ ಹೇಳಿದಳು: ಕಾಳು ದಪ್ಪಗಾದಾಗ ಹೊರಗಿನ ಪಾಚಿಯ ಪೊರೆ ಕಳಚಿ ಹೊಸದು ಬರುತ್ತದಂತೆ. ಆಗಲೇ ಅದಕ್ಕೆ ಬಿಸಿಲು, ಊಟ ಎರಡೂ ಹೆಚ್ಚು ಬೇಕಂತೆ. ನಮ್ಮ ಹುಳಕ್ಕೆ ಯಾವುದು ಮದ್ದೋ ಇದಕ್ಕೆ ಅದೇ ವಿಷ. ಸುಣ್ಣ ಸೇರಿ ನೀರಿನ ಖಾರ ಏರಿ, ಅಡಗಿದ್ದ ಅಮೋನಿಯವೆಲ್ಲ ಬಿಚ್ಚಿಕೊಂಡಿತ್ತು.

“ಪೊರಿ ಬಿಡ್ತೈತಿ ಅಂತ ನಾನು ಮೊದಲ ಹೇಳಬೇಕಿತ್ರಿ,” ಎಂದಳು. “ಹುಳ ಸಾಕೋ ಮಂದಿ ಕೈಯಾಗ ಕೊಟ್ಟು ಅದೊಂದು ಮಾತು ಹೇಳದ ಹೋದೆ. ತಪ್ಪು ನಂದೂ ಐತಿ.”

ಆ ವಾರವೇ ಶೆಡ್ಡಿನಲ್ಲಿ ಸಭೆ ಸೇರಿತು. ಪ್ರಫುಲ್ಲಾಳ ಮೇಲಿನ ಅಧಿಕಾರಿ ನಗರದಿಂದ ಬಂದಿದ್ದರು. ತಗ್ಗಿಹಳ್ಳಿಯಿಂದ ಕೆಂಚೇಗೌಡರೂ ಇನ್ನು ಕೆಲವರೂ ಬಂದಿದ್ದರು. ಬೀದಿಯ ಒಲೆಗಳೆಲ್ಲ ಆರಿದ್ದವು. ಬಾಗಿಲಲ್ಲಿ, ಕಿಟಕಿಯಲ್ಲಿ ನಮ್ಮ ಹೆಂಗಸರೇ. ಕಾಳು ಯಾಕೆ ಸತ್ತಿತು ಎಂದು ಅಧಿಕಾರಿ ಕೇಳಿದರು. ಪ್ರಫುಲ್ಲಾ ಒಂದು ಸಲ ಮೆಹರಮ್ಮನ ಕಡೆ ನೋಡಿ, ಕಾರಣ ಇನ್ನೂ ತಿಳಿದಿಲ್ಲ ಎಂದಳು. ಕೆಳಗಿನ ಊರಿನವರ ಮುಂದೆ ಈ ಬೀದಿಯವರೇ ಕೆಡಿಸಿದರು ಅನ್ನಿಸಬಾರದೆಂದು ಅವಳು ಹಾಗೆ ಹೇಳಿದಳೆಂಬುದು ನಮಗೆಲ್ಲ ಗೊತ್ತಾಯಿತು. ಆದರೆ ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಾರಣವಿಲ್ಲದೆ ಸಾಯುವುದನ್ನು ಊರಿನ ನಡುವೆ ಇಡಲಾಗುವುದಿಲ್ಲ, ತೊಟ್ಟಿ ಮುಚ್ಚಿಸೋಣ ಎಂದರು. ಕೆಂಚೇಗೌಡರು ತಲೆ ಆಡಿಸಿದರು. ಕಾಪಾಡಲೆಂದು ಹೇಳಿದ ಮಾತೇ ಬೀದಿಯನ್ನು ಮುಳುಗಿಸುತ್ತಿತ್ತು.

ಮೆಹರಮ್ಮ ಎದ್ದು ನಿಂತಳು. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು.

“ಕಾರಣ ಐತೆ ಸ್ವಾಮಿ. ನಾನೇ. ಸುಣ್ಣ ಹಾಕ್ದೆ, ಊಟ ನಿಲ್ಲಿಸ್ದೆ, ಬಿಸ್ಲು ಮುಚ್ಚಿದೆ. ನನ್ನ ಮುಖ ಉಳಿಸೋಕೆ ಅಂತ ಈ ಹುಡ್ಗಿ ತನ್ನ ಕೆಲಸಾನೇ ಕಳ್ಕೊಳಕ್ಕೆ ಕೂತವ್ಳೆ. ಕಾಳು ತಾನಾಗಿ ಸತ್ತಿಲ್ಲ. ಸಾಯ್ಸಿದ ಕೈ ಯಾವ್ದು ಅಂತ ಗೊತ್ತಾದ ಮೇಲೆ, ಉಳಿಸೋ ದಾರೀನೂ ಇರ್ಬೇಕಲ್ಲ, ಅದನ್ನ ನೋಡಿ.”

ಅಧಿಕಾರಿ ಸುಣ್ಣ ಏಕೆ ಎಂದು ಕೇಳಿದರು. ಮೆಹರಮ್ಮ ಉತ್ತರ ಕೊಡುವ ಮೊದಲೇ ಕೆಂಚೇಗೌಡರು ಮುಂದಕ್ಕೆ ಬಾಗಿ, ನೋಡಕ್ಕೆ ಹೆಂಗಿದ್ವು ಎಂದು ಕೇಳಿದರು. ಮೆಹರಮ್ಮ ಹೇಳಿದಳು: ಮೈ ಬಿಳಿಚಿತ್ತು, ಚರ್ಮ ಸಡಿಲಾಗಿತ್ತು, ಅಲ್ಲಾಡದೆ ಕೂತಿದ್ದವು. ಗೌಡರು ತಮ್ಮ ಊರಿನವರ ಮುಖ ನೋಡಿದರು. ಅವರಲ್ಲೊಬ್ಬ ನೆಲ ನೋಡುತ್ತಾ ಮೀಸೆಯಲ್ಲೇ ನಕ್ಕ.

“ಅಂಗಿದ್ರೆ ನಾನಾದ್ರೂ ಸುಣ್ಣಾನೇ ಹಾಕ್ತಿದ್ದೆ ಕಣವ್ವ,” ಎಂದರು ಗೌಡರು.

ಆಮೇಲೆ ಅವರೇ ಅಧಿಕಾರಿಗೆ ಹುಳದ ಜ್ವರ ಅಂದರೇನೆಂದು ವಿವರಿಸಿದರು. ಇದು ಕೆಡಿಸಿದ್ದಲ್ಲ, ಸಾಕಲು ಹೋಗಿ ಆದದ್ದು ಎಂದರು. ಆದರೂ ಮಣ್ಣು ತೆಗೆಯುವುದಿಲ್ಲ, ದೀಪಾವಳಿಯ ಮಾತು ಮಾತೇ ಎಂದೂ ಸೇರಿಸಿದರು. ಅಷ್ಟು ಸಾಕಿತ್ತು. ಅಧಿಕಾರಿ ಕನ್ನಡಕ ಹಾಕಿಕೊಂಡು, ಅಲ್ಲಿಯವರೆಗೆ ತೊಟ್ಟಿ ಇರಲಿ ಎಂದರು.

ಉಳಿಸುವ ದಾರಿಯನ್ನು ಹುಡುಕಬೇಕಾಗಿತ್ತು. ಪ್ರಫುಲ್ಲಾ ತೊಟ್ಟಿಯ ತಳದಿಂದ ಕೆಸರು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಮೇಲಿನ ಕಾಳೆಲ್ಲ ಹೋಗಿತ್ತು. ಆಳದಲ್ಲಿ ಸುಣ್ಣ ಇಳಿಯುವ ಮೊದಲೇ ಮುಳುಗಿದ್ದ ಕೆಲವು ಕಾಳುಗಳ ಒಳಕೋಣೆ ಇನ್ನೂ ಉಸಿರಾಡುತ್ತಿತ್ತು, ಹೊರಸುತ್ತಿನಲ್ಲಿ ಚೂರುಪಾರು ಪಾಚಿಯೂ ಉಳಿದಿತ್ತು. ನೀರಿನ ಖಾರ ಇಳಿಸಬೇಕು, ಆದರೆ ಬಾಟಲಿಯ ಆಮ್ಲ ಸುರಿದರೆ ಉಳಿದವೂ ಸಾಯುತ್ತವೆ. ಬೇಕಾದದ್ದು ಸೋಡಾದ ಗಾಳಿ, ಮೆಲ್ಲಗೆ, ಹಗಲೆಲ್ಲ. ಮೊದಲಾದರೆ ತೊಟ್ಟಿಯೇ ಅದನ್ನು ಕೊಡುತ್ತಿತ್ತು. ಅಷ್ಟು ಗಾಳಿಯನ್ನು ಕೂಡಲೇ ಎಲ್ಲಿಂದ ತರುವುದು ಎಂದು ಅವಳು ತಲೆಯ ಮೇಲೆ ಕೈಹೊತ್ತು ಅಂಗಳದಲ್ಲಿ ಕೂತಳು. ಹಾಗೆ ಕೂತವಳ ಕಣ್ಣು ಎದುರು ಶೆಡ್ಡಿನ ಹೊಗೆಗೂಡಿನ ಮೇಲೆ ನಿಂತಿತು.

ಸೌದೆಯ ಹೊಗೆಯಲ್ಲಿ ಇರುವುದೂ ಅದೇ ಗಾಳಿ. ಇಷ್ಟು ಕಾಲ ನಮ್ಮ ಎದೆಗೂಡನ್ನು ಕೆಡಿಸಿದ ಹೊಗೆಯೇ ಈಗ ಬೇಕಾಗಿತ್ತು. ಅವಳು ಅದನ್ನು ಹೇಳುವಾಗ ನಾಚಿಕೊಂಡಳು. ಹೊಗೆ ಬಿಡಿಸುತ್ತೇನೆಂದು ಬಂದವಳು ಹೊಗೆ ಹಾಕಿ ಎಂದು ಕೇಳಬೇಕಲ್ಲ. ಬೀದಿಯ ಹೆಂಗಸರು ಮರುಮಾತಿಲ್ಲದೆ ಒಲೆ ಹಚ್ಚಿದರು. ಗೂಡಿಲ್ಲ, ನೂಲಿಲ್ಲ, ಕೂಲಿಯೂ ಇಲ್ಲ. ಬರೀ ಹೊಗೆಗಾಗಿ ಪ್ರತಿ ಶೆಡ್ಡಿನಿಂದಲೂ ಸೌದೆ ಬಂತು. ಹೊಗೆಗೂಡಿಗೆ ತಗಡಿನ ಕೊಳವೆ ಕಟ್ಟಿ, ನಡುವೆ ಒದ್ದೆ ಗೋಣಿಯಲ್ಲಿ ಮಸಿ ಹಿಡಿದು, ಬ್ಲೋವರ್ ಇಟ್ಟು ತೊಟ್ಟಿಯ ತಳಕ್ಕೆ ಊದಿದರು. ನೀರಿನಲ್ಲಿ ಗುಳ್ಳೆ ಎದ್ದಿತು. ಸುಣ್ಣವು ಆ ಗಾಳಿ ಕುಡಿದು ಸೀಮೆಸುಣ್ಣವಾಗಿ ತಳಕ್ಕೆ ಇಳಿಯತೊಡಗಿತು. ಪ್ರಫುಲ್ಲಾ ಪರದೆಯ ಮುಂದೆ ಕೂತು ಜೋರು, ಸಾಕು, ಸಣ್ಣಗೆ ಎನ್ನುವಳು. ಮೆಹರಮ್ಮ ಒಲೆಯ ಬಾಯಿಯಲ್ಲಿ ಕೂತು ಕೊಳ್ಳಿ ದೂಡುವಳು, ಎಳೆಯುವಳು. ಇಬ್ಬರ ಮುಖವೂ ಮಸಿ.

ನೀರು ಹದಕ್ಕೆ ಬಂದ ಮೇಲೆ, ಕಾಯಿಲೆಯಿಂದ ಎದ್ದವರಿಗೆ ಗಂಜಿ ಕೊಡುವಂತೆ, ಬೀದಿಯ ಕೊಳಕು ನೀರನ್ನು ತೆಳ್ಳಗೆ ಮಾಡಿ ಸ್ವಲ್ಪ ಸ್ವಲ್ಪವೇ ಬಿಟ್ಟರು. ಭಾದ್ರಪದದ ಬಿಸಿಲು ಚೆನ್ನಾಗಿ ಬಿತ್ತು. ಗಾಜಿನ ಮಾಡನ್ನು ಮೆಹರಮ್ಮ ದಿನಾ ತಾನೇ ಒರೆಸುತ್ತಿದ್ದಳು. ಒಂದು ಬೆಳಿಗ್ಗೆ ತಳದ ಬಿಳಿಯ ಮೇಲೆ ಹಸಿರು ಚುಕ್ಕೆ ಕಂಡಿತು. ಕೆಲವು ದಿನಕ್ಕೆ ಕಾಳು ಏಳತೊಡಗಿತು. ಮಹಾನವಮಿಯ ಹೊತ್ತಿಗೆ ಒಲೆಯಲ್ಲಿ ನೀಲಿ ಉರಿ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಸುಮ್ಮನೆ, ಮುಚ್ಚಿದ ಮೋರಿ ಹಿಡಿಸುವಷ್ಟೇ ಗೂಡು ತಂದು ನೀರಿಗೆ ಹಾಕಿದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ.

ಕೆಂಚೇಗೌಡರು ಸಂತೆಯ ದಿನಗಳಲ್ಲಿ ಬಂದು ತೊಟ್ಟಿಯಿಂದ ಬೀಳುವ ನೀರನ್ನು ಗಾಜಿನ ಬಾಟಲಿಗೆ ಹಿಡಿದು, ಬಿಸಿಲಿಗೆ ಎತ್ತಿ ನೋಡಿ, ಒಂದು ಮಾತೂ ಆಡದೆ ಹೋಗುತ್ತಿದ್ದರು. ದೀಪಾವಳಿಯ ಹಿಂದಿನ ಸಂತೆಯಲ್ಲೂ ಬಂದರು. ಬಾಟಲಿಯನ್ನು ಎತ್ತಿ ಹಿಡಿದರು. ಅದರ ಆಚೆ ನಿಂತಿದ್ದ ಮೆಹರಮ್ಮನ ಮುಖ ಅವರಿಗೆ ಕಂಡಿರಬೇಕು. ನನಗೆ ಈ ಕಡೆಯಿಂದ ಗೌಡರ ಮುಖ ಕಂಡಿತು. ಬಾಟಲಿ ಇಳಿಸಿ ಅವರು ಊರಿನ ದಾರಿ ಹಿಡಿದರು.

ಮಾರನೆಯ ಬೆಳಿಗ್ಗೆ ಕೆಳಗಿನಿಂದ ಗುದ್ದಲಿಯ ಸದ್ದು ಕೇಳಿಸಿತು. ನಾವೆಲ್ಲ ಕೆಲಸ ಬಿಟ್ಟು ಹೋದೆವು. ತಗ್ಗಿಹಳ್ಳಿಯವರು ತಾವೇ ಹಾಕಿದ ಮಣ್ಣನ್ನು ತಾವೇ ಕಡಿಯುತ್ತಿದ್ದರು. ಗೌಡರು ಕೊನೆಯ ಹೆಂಟೆಯನ್ನು ಕಾಲಿನಿಂದ ನೂಕಿದರು. ನೀರು ಒಂದು ಗಳಿಗೆ ಅನುಮಾನಪಟ್ಟಂತೆ ನಿಂತು, ಆಮೇಲೆ ಇಳಿಯಿತು.

ನೀರು ಹೊರಟಿತಲ್ಲ, ಮೆಹರಮ್ಮ ಅದರ ಜೊತೆಯೇ ನಡೆದಳು. ಅವಳ ಹಿಂದೆ ನಾನು, ನನ್ನ ಹಿಂದೆ ಬೀದಿಯ ಹೆಂಗಸರು, ನಡುವೆ ಎಲ್ಲೋ ಪ್ರಫುಲ್ಲಾ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಹಿಪ್ಪುನೇರಳೆ ತೋಟಗಳ ನಡುವೆ ಮೋರಿ ತಿರುಗಿ ತಿರುಗಿ ಹೋಯಿತು. ಕೊನೆಯ ತಿರುವು ದಾಟಿದರೆ ಕೆರೆ. ನನಗೆ ಅಷ್ಟು ವಯಸ್ಸಾಗಿತ್ತು, ಅಷ್ಟು ವರ್ಷ ನನ್ನ ಕೈಯ ನೀರು ಅಲ್ಲಿಗೇ ಹೋಗಿತ್ತು, ಆ ಕೆರೆಯನ್ನು ನಾನು ಕಣ್ಣಾರೆ ಕಂಡದ್ದು ಆ ದಿನ. ಯಾವ ಮುಖ ಇಟ್ಟುಕೊಂಡು ಮೊದಲು ಬರಬೇಕಿತ್ತು?

ಏರಿಯ ಕೆಳಗೆ ತಗ್ಗಿಹಳ್ಳಿಯ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನಮ್ಮನ್ನು ಕಂಡು ಕೈ ನಿಲ್ಲಿಸಿದರು. ನಾವೂ ನಿಂತೆವು. ನಮ್ಮ ನೀರು ಮಾತ್ರ ನಮ್ಮಿಬ್ಬರ ನಡುವೆ ಹಾದು ಕೆರೆಗೆ ಸೇರಿತು, ಎಲ್ಲಿ ಸೇರಿತೆಂದು ಗುರುತು ಸಿಗದ ಹಾಗೆ.

ಅವರಲ್ಲಿ ಒಬ್ಬಳು, ನನ್ನಷ್ಟೇ ವಯಸ್ಸಿನವಳು, ಒಗೆಯುವ ಕಲ್ಲಿನ ಮೇಲಿದ್ದ ತನ್ನ ಗಂಟನ್ನು ಪಕ್ಕಕ್ಕೆ ಸರಿಸಿದಳು.

“ಬನ್ನಿ, ಕೂತ್ಕಳಿ,” ಎಂದಳು. “ದೂರದಿಂದ ನಡ್ಕೊಂಡ್ ಬಂದಿದ್ದೀರ.”